ಗಣತಿಯ ಪುಸ್ತಕದಲ್ಲಿ ನಮ್ಮ ಮನೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪಾಠ ಮಾಡಿ ನಿವೃತ್ತಳಾದವಳು ನಾನು. ಪಾಠ ಮಾಡುವವರಿಗೆ ಒಂದು ಧೈರ್ಯವಿರುತ್ತದೆ. ಗಂಟೆ ಹೊಡೆಯುವವರೆಗೆ ಎದುರಿಗೆ ಕೂತವರು ಎದ್ದು ಹೋಗುವುದಿಲ್ಲ. ನಿಮ್ಮ ಮುಂದೆ ಆ ಧೈರ್ಯ ನನಗಿಲ್ಲ. ಸಂಜೆಯಾದರೆ ನೀವು ಹಾಲು ಕರೆಯಬೇಕು, ಒಲೆ ಹಚ್ಚಬೇಕು. ಹಾಗಾಗಿ ಹೇಳಬೇಕಾದ್ದನ್ನು ಸುತ್ತಿ ಬಳಸದೆ ಹೇಳುತ್ತೇನೆ.

ನನಗೆ ಕೊಟ್ಟಿರುವ ವಿಷಯ 'ಜನಗಣತಿ ಮತ್ತು ಕುಟುಂಬ'. ವರದಕ್ಷಿಣೆ, ಹೊಡೆತ ಬಡಿತದ ಮಾತು ಬಿಟ್ಟು ಇದೇನು ತಲೆ ಎಣಿಸುವ ಮಾತು ಎಂದು ನಿಮಗೆ ಅನ್ನಿಸಬಹುದು. ಆದರೆ ನೀವೆಲ್ಲ ಲೆಕ್ಕದ ಪುಸ್ತಕ ಇಟ್ಟವರು. ವಾರದ ಉಳಿತಾಯ ಕೊಟ್ಟರಷ್ಟೇ ಸಾಲದು, ಅದು ಪುಸ್ತಕಕ್ಕೆ ಏರಬೇಕು, ಏರದಿದ್ದರೆ ನಾಳೆ ಕೇಳುವ ಹಾಗಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೇಶಕ್ಕೂ ಅಂಥದೊಂದು ಪುಸ್ತಕವಿದೆ. ಹತ್ತು ವರ್ಷಕ್ಕೊಮ್ಮೆ ಬರೆಯುವ ಪುಸ್ತಕ ಅದು. ನಮ್ಮ ಮನೆ, ನಮ್ಮ ಮದುವೆ, ನಮ್ಮ ದುಡಿಮೆ ಅದರಲ್ಲಿ ಹೇಗೆ ಬರೆದಿದೆ, ಯಾರು ಬರೆಸಿದರು ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಮ್ಮದು ತಿಪಟೂರು ಕಡೆಯ ಹಳ್ಳಿ. 1981ರ ಫೆಬ್ರವರಿಯಲ್ಲಿ ಊರಿಗೆ ಗಣತಿ ಬಂತು. ನಾನಾಗ ಬಿ.ಎ. ಓದುತ್ತಿದ್ದೆ. ಗಣತಿಗೆ ಬಂದವರು ನಮ್ಮೂರ ಶಾಲೆಯ ಮೇಷ್ಟ್ರು. ಜಗಲಿಯ ಮೇಲೆ ತಾತನ ಪಕ್ಕ ಕೂತು ಒಬ್ಬೊಬ್ಬರ ಹೆಸರನ್ನೇ ಬರೆದುಕೊಂಡರು. ನನ್ನ ಸೋದರತ್ತೆಯ ಸರದಿ ಬಂತು. ಆಕೆಗೆ ಆಗ ಮೂವತ್ತು ವರ್ಷ. 1969ರಲ್ಲಿ ಮದುವೆ ಮಾಡಿಕೊಟ್ಟಿದ್ದರು. ವಾಚು, ಸೈಕಲ್ಲು, ಕೈಗೆ ಹಣ ಎಲ್ಲ ಆಗಿತ್ತು. ಆಮೇಲೆ ಪಂಪ್‌ಸೆಟ್ಟಿಗೆ ಹಣ ತಾ ಎಂದು ಶುರುವಾಯಿತು. ಮೂರು ವರ್ಷ ತಡೆದುಕೊಂಡು, ಮುಂಗೈಯಲ್ಲಿ ಸುಟ್ಟ ಕಲೆ ಹೊತ್ತು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ.

"ಇವರಿಗೆ ಮದುವೆ?" ಎಂದರು ಮೇಷ್ಟ್ರು. ತಾತ, "ಆಗೈತೆ. ಗಂಡ ಅವ್ನೆ, ಬರ್ಕಳಿ" ಎಂದರು. "ಕೆಲಸ?" ಎಂದರು. "ಹೆಂಗಸ್ರಿಗೆ ಏನ್ ಕೆಲ್ಸ, ಮನೇಲವ್ಳೆ" ಎಂದರು. ಅಷ್ಟರಲ್ಲಿ ಅತ್ತೆ ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಒಳಗೆ ಹೋದಳು. ಆ ಹಾಲಿನಲ್ಲೇ ಮೇಷ್ಟ್ರಿಗೆ ಕಾಫಿ ಆಯಿತು. ಎರಡು ಎಮ್ಮೆ ಕಟ್ಟಿ, ಸಂತೆಗೆ ಬೆಣ್ಣೆ ಕಳಿಸಿ, ಗರಿ ಸೀಳಿ ಕಡ್ಡಿಪೊರಕೆ ಕಟ್ಟಿ ಮಾರುತ್ತಿದ್ದವಳು ಅವಳು. ನನ್ನ ಕಾಲೇಜಿನ ಫೀಸಿನಲ್ಲೂ ಅವಳ ಬೆಣ್ಣೆಯ ದುಡ್ಡಿತ್ತು. ಪುಸ್ತಕಕ್ಕೆ ಏರಿದ್ದು ಮಾತ್ರ 'ವಿವಾಹಿತೆ, ಮನೆಗೆಲಸ' ಎಂದು. ತಾತ ಕೆಟ್ಟವರಲ್ಲ. ಮಗಳನ್ನು ಮತ್ತೆ ಆ ನರಕಕ್ಕೆ ಕಳಿಸದೆ ಇಟ್ಟುಕೊಂಡವರು. ಆದರೆ ಮಗಳು ಗಂಡನನ್ನು ಬಿಟ್ಟು ಬಂದಿದ್ದಾಳೆ ಎಂದು ಮೇಷ್ಟ್ರ ಮುಂದೆ ಬಾಯಿಬಿಟ್ಟು ಹೇಳುವುದು ಅವರಿಂದ ಆಗಲಿಲ್ಲ.

ಅದಾದ ಮೇಲೆ ನಾನು ಎಂ.ಎ. ಓದಿದೆ, ಗಣತಿಯ ಪಟ್ಟಿಗಳನ್ನು ತಿರುವಿ ಹಾಕುವುದು ಕಲಿತೆ. ಪ್ರತಿ ಸಲ ಆ ಅಂಕಿಗಳನ್ನು ನೋಡುವಾಗ ಜಗಲಿಯ ಮೇಲಿನ ಆ ಐದು ನಿಮಿಷ ನೆನಪಾಗುತ್ತದೆ. ದೇಶದ ದೊಡ್ಡ ಅಂಕಿ ಎಂದರೆ ಇಂಥ ಕೋಟಿ ಜಗಲಿಗಳ ಮಾತಿನ ಮೊತ್ತ. ಜಗಲಿಯಲ್ಲಿ ನುಂಗಿದ್ದು ದೆಹಲಿಯಲ್ಲಿ ಸಿಕ್ಕುವುದಿಲ್ಲ.

ಈಗ ಗಣತಿಯವರ ಮಾತನ್ನು ಸ್ವಲ್ಪ ಅರ್ಥ ಮಾಡಿಕೊಳ್ಳೋಣ. ಅವರು ಕುಟುಂಬ ಎನ್ನುವುದು ಯಾವುದನ್ನು? ನಾವು ಕುಟುಂಬ ಎಂದರೆ ರಕ್ತಸಂಬಂಧ, ಬಳಗ, ಮನೆದೇವರು ಎನ್ನುತ್ತೇವೆ. ಅವರಿಗೆ ಕುಟುಂಬ ಎಂದರೆ ಒಂದು ಒಲೆ. ಸಾಮಾನ್ಯವಾಗಿ ಒಟ್ಟಿಗೆ ಬಾಳಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನ ಕೆಳಗೆ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿದ್ದರೆ ಅದು ಮೂರು ಕುಟುಂಬ. ಗಂಡ ಬೆಂಗಳೂರಿನಲ್ಲಿ ಕೊಠಡಿ ಮಾಡಿಕೊಂಡು ದುಡಿಯುತ್ತಾ ತಿಂಗಳಿಗೊಮ್ಮೆ ಹಣ ಕಳಿಸುತ್ತಿದ್ದರೆ, ನಮ್ಮ ಮನಸ್ಸಿಗೆ ಅದು ಒಂದೇ ಸಂಸಾರ. ಗಣತಿಗೆ ಅವನ ಒಲೆ ಬೇರೆ, ನಿಮ್ಮ ಒಲೆ ಬೇರೆ. 'ಒಲೆ ಬೇರೆಯಾಯಿತು' ಎಂದು ನಾವು ಹಳ್ಳಿಯಲ್ಲಿ ಹೇಳುವುದಿಲ್ಲವೇ, ಗಣತಿಯ ಲೆಕ್ಕವೂ ಅದೇ.

ಹೀಗೆ ಎಣಿಸಿದಾಗ 2011ರಲ್ಲಿ ದೇಶದಲ್ಲಿ 24 ಕೋಟಿಗೂ ಹೆಚ್ಚು ಒಲೆಗಳು ಸಿಕ್ಕವು. ಪ್ರತಿ ಒಲೆಗೂ ಒಬ್ಬರನ್ನು ಯಜಮಾನ ಎಂದು ಬರೆದುಕೊಂಡು, ಮಿಕ್ಕವರನ್ನು ಅವರಿಗೆ ಏನಾಗಬೇಕು ಎಂದು ಬರೆಯುತ್ತಾರೆ. ಹೆಂಡತಿ, ಮಗ, ಸೊಸೆ, ತಾಯಿ, ಹೀಗೆ. ಈ ಒಂದು ಸಾಲಿನಿಂದಲೇ ಎಷ್ಟು ಮನೆಗಳಲ್ಲಿ ಅತ್ತೆ ಸೊಸೆ ಒಟ್ಟಿಗಿದ್ದಾರೆ, ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಮಕ್ಕಳಷ್ಟೇ ಇದ್ದಾರೆ, ಎಷ್ಟು ಮುದುಕಿಯರು ಒಬ್ಬೊಬ್ಬರೇ ಇದ್ದಾರೆ ಎಂದು ವಿದ್ವಾಂಸರು ಲೆಕ್ಕ ತೆಗೆಯುತ್ತಾರೆ. ಯಜಮಾನ ಎಂದರೆ ಗಂಡಸೇ ಆಗಬೇಕೆಂದು ಗಣತಿಯ ನಿಯಮದಲ್ಲಿ ಎಲ್ಲೂ ಇಲ್ಲ. ಮನೆಯ ವ್ಯವಹಾರ ನೋಡಿಕೊಳ್ಳುವವರು, ಮನೆಯವರು ಒಪ್ಪಿದವರು, ಹೆಂಗಸಾದರೂ ಆಗಬಹುದು. ಆದರೂ 2011ರಲ್ಲಿ ಹೆಂಗಸು ಯಜಮಾನಿ ಎಂದು ಬರೆಸಿದ ಒಲೆಗಳು ಸುಮಾರು 2.7 ಕೋಟಿ. ಎಂದರೆ 100ಕ್ಕೆ 11.

ಈಗ ನೀವೇ ಒಂದು ಮಾತು ಹೇಳಿ. ನಿಮ್ಮ ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು? ನೀವೇ. 2013ರ ಆಹಾರ ಭದ್ರತಾ ಕಾಯಿದೆ ಮನೆಯಲ್ಲಿ 18 ತುಂಬಿದ ಹಿರಿಯ ಹೆಂಗಸೇ ಕಾರ್ಡಿಗೆ ಮುಖ್ಯಸ್ಥೆ ಎಂದಿತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಕಾರ್ಡಿನ ಯಜಮಾನಿಯ ಹೆಸರಿಗೇ. ಅಕ್ಕಿ ತರುವಾಗ ನೀವು ಯಜಮಾನಿ, ದುಡ್ಡು ಬರುವಾಗ ಯಜಮಾನಿ. ಗಣತಿಯವರು ಬಂದು ಕೇಳಿದಾಗ ಮಾತ್ರ 'ಯಜಮಾನರು ಇಲ್ಲ, ಆಮೇಲೆ ಬನ್ನಿ' ಎನ್ನುತ್ತೇವೆ. ಹಾಗಾಗಿ ಯಾವುದೇ ಅಂಕಿ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಕೇಳಿದವರು ಯಾರು, ಹೇಳಿದವರು ಯಾರು? ಹೆಂಗಸಿನ ಹೆಸರಿನಲ್ಲಿರುವ ಆ 11 ಮನೆಗಳಲ್ಲಿ ವಿಧವೆಯರು, ಗಂಡ ಬಿಟ್ಟುಹೋದವರು, ಗಂಡ ದೂರದೂರಿನಲ್ಲಿ ದುಡಿಯುವವರು ಬಹಳ. ಗಂಡಸು ಜೊತೆಗಿದ್ದೂ ಹೆಂಗಸು ಯಜಮಾನಿ ಎಂದು ಬರೆಸುವ ಮನೆ ಅಪರೂಪ. ನಮ್ಮಲ್ಲಿ ಯಜಮಾನಿಕೆ ಸಿಗುವುದು ಗಂಡಸಿಲ್ಲದಾಗ ಮಾತ್ರ ಎಂದಾಯಿತು.

ಇನ್ನು ಮದುವೆಯ ಸಾಲಿಗೆ ಬರೋಣ. ನಮ್ಮತ್ತೆಯ ಸಾಲು ಅದು. 2011ರಲ್ಲಿ ದೇಶದಲ್ಲಿ ವಿಧವೆಯರು 4 ಕೋಟಿಗೂ ಹೆಚ್ಚು. ಹೆಂಡತಿ ಸತ್ತ ಗಂಡಸರು ಅದರ ಮೂರನೆಯ ಒಂದು ಪಾಲೂ ಇಲ್ಲ. ಸಾವು ಗಂಡಸರಿಗೆ ಹೆಂಡತಿಯರನ್ನು ಉಳಿಸಿ, ಹೆಂಗಸರಿಗೆ ಮಾತ್ರ ಗಂಡಂದಿರನ್ನು ಕಸಿಯುತ್ತದೆಯೇ? ಹಾಗಲ್ಲ. ಹುಡುಗಿ ಹುಡುಗನಿಗಿಂತ ಐದಾರು ವರ್ಷ ಚಿಕ್ಕವಳಿರಬೇಕು ಎಂಬುದು ನಾವು ಮಾಡಿದ ನಿಯಮ. ಅದರಿಂದ ಗಂಡ ಮೊದಲು ಸಾಯುವುದು ಹೆಚ್ಚು. ಹೆಂಡತಿ ಸತ್ತವನಿಗೆ ಹನ್ನೊಂದನೆಯ ದಿನಕ್ಕೇ ಇನ್ನೊಂದು ಸಂಬಂಧದ ಮಾತು ಬರುತ್ತದೆ. ಅವನು ಮತ್ತೆ 'ವಿವಾಹಿತ'ರ ಸಾಲಿಗೆ ಹೋಗುತ್ತಾನೆ. ಅವಳು ಸಾಯುವವರೆಗೂ 'ವಿಧವೆ'ಯ ಸಾಲಿನಲ್ಲೇ ಇರುತ್ತಾಳೆ. ಹೀಗೆ ಒಂದು ಅಂಕಿಯ ಬೆನ್ನಿಗೆ ನಮ್ಮ ಮದುವೆಯ ಕಟ್ಟಳೆ ಪೂರ್ತಿ ಇದೆ.

ವಿಚ್ಛೇದನ ಪಡೆದವರು, ಗಂಡನಿಂದಲೋ ಹೆಂಡತಿಯಿಂದಲೋ ಬೇರೆಯಾಗಿ ಬಾಳುವವರು, ಇಬ್ಬರನ್ನೂ ಗಣತಿ ಬಹಳ ಕಾಲ ಒಂದೇ ಗುಂಪಿಗೆ ಹಾಕುತ್ತಿತ್ತು. 2001ರಲ್ಲೂ ಹಾಗೆಯೇ ಇತ್ತು. 2011ರಲ್ಲಿ ಇವೆರಡನ್ನು ಬೇರೆ ಮಾಡಿ ಕೇಳಿದರು. ಆಗ ಏನು ಹೊರಬಂತು ನೋಡಿ. ದೇಶದಲ್ಲಿ ವಿಚ್ಛೇದನ ಆದವರು ಸುಮಾರು 13.6 ಲಕ್ಷ. ಕೋರ್ಟಿನ ಕಾಗದವಿಲ್ಲದೆ ಸುಮ್ಮನೆ ಬೇರೆಯಾಗಿ ಬಾಳುವವರು ಅದರ ಎರಡೂವರೆ ಪಟ್ಟು, ಸುಮಾರು 35 ಲಕ್ಷ. ಎರಡು ಗುಂಪಿನಲ್ಲೂ ಮೂವರಲ್ಲಿ ಇಬ್ಬರು ಹೆಂಗಸರು. ಇಬ್ಬರು ಬೇರೆಯಾದರೆ ಗಂಡಸೊಬ್ಬ, ಹೆಂಗಸೊಬ್ಬಳು ಸರಿಸಮ ಇರಬೇಕಲ್ಲವೇ? ಗಂಡಸರೆಲ್ಲಿ ಹೋದರು? ಕೆಲವರು ಮತ್ತೆ ಮದುವೆಯಾದರು. ಕೆಲವರು ಮದುವೆಯಾಗಿದೆ ಎಂದಷ್ಟೇ ಬರೆಸಿದರು. ಅವರಿಗೆ ಆ ಅನುಕೂಲವಿದೆ.

ಈ ಅಂಕಿ ನಮ್ಮಂಥವರಿಗೆ ಯಾಕೆ ಬೇಕು? ನಮ್ಮ ದೇಶದಲ್ಲಿ ವಿಚ್ಛೇದನ ಬಹಳ ಕಡಿಮೆ, ಆದ್ದರಿಂದ ನಮ್ಮ ಸಂಸಾರಗಳು ಗಟ್ಟಿ ಎಂದು ವೇದಿಕೆ ಏರಿ ಹೇಳುವವರಿದ್ದಾರೆ. ಅವರು ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಮಾತ್ರ ಎಣಿಸುತ್ತಿದ್ದಾರೆ. ಬಟ್ಟೆಯ ಗಂಟು ಹಿಡಿದು ರಾತ್ರಿ ಬಸ್ಸಿಗೆ ತವರಿಗೆ ಬಂದವರನ್ನು ಎಣಿಸುತ್ತಿಲ್ಲ. ಆ ಲಕ್ಷಾಂತರ ಹೆಂಗಸರಿಗೆ ಜೀವನಾಂಶದ ಆದೇಶವಿಲ್ಲ, ಗಂಡನ ಆಸ್ತಿಯ ಪತ್ರವಿಲ್ಲ, ವಿಧವಾ ವೇತನಕ್ಕೆ ಹೋದರೆ ಗಂಡ ಬದುಕಿದ್ದಾನೆ. ಇಷ್ಟು ಜನ ಇದ್ದಾರೆ ಎಂದು ಪುಸ್ತಕದಲ್ಲಿ ಬಂದರೆ ಅವರಿಗೆ ಯೋಜನೆ ಕೇಳಬಹುದು. ಬರದಿದ್ದರೆ 'ನಿಮ್ಮಂಥವರು ಎಷ್ಟು ಜನ ಇದ್ದೀರಿ ಅಮ್ಮಾ' ಎಂದು ಕಚೇರಿಯಲ್ಲಿ ಕೇಳಿದಾಗ ನಮ್ಮ ಹತ್ತಿರ ಉತ್ತರವಿಲ್ಲ.

ಗಣತಿಯ ಪ್ರಶ್ನೆಯನ್ನೇ ಹೆಂಗಸರು ಬದಲಾಯಿಸಿದ ಒಂದು ಸಂಗತಿಯೂ ಇದೆ. ಅದು ದುಡಿಮೆಯ ಪ್ರಶ್ನೆ. 1961ರಿಂದ 1971ಕ್ಕೆ ಬರುವಷ್ಟರಲ್ಲಿ ದುಡಿಯುವ ಹೆಂಗಸರ ಪ್ರಮಾಣ ಅರ್ಧದಷ್ಟಕ್ಕೆ ಬಿದ್ದುಹೋಗಿತ್ತು. ಹತ್ತೇ ವರ್ಷದಲ್ಲಿ ಹೆಂಗಸರೆಲ್ಲ ಕುಡುಗೋಲು ಕೆಳಗಿಟ್ಟರೇ? ಇಲ್ಲ. 'ನಿಮ್ಮ ಮುಖ್ಯ ಕೆಲಸ ಯಾವುದು' ಎಂದು ಕೇಳುವ ರೀತಿ ಬದಲಾಗಿತ್ತು. ಹೊಲದಲ್ಲಿ ಕಳೆ ಕಿತ್ತು ಬಂದು ರೊಟ್ಟಿ ತಟ್ಟುವವಳ ಮುಖ್ಯ ಕೆಲಸ ರೊಟ್ಟಿ ತಟ್ಟುವುದು ಎಂದಾಯಿತು. ಅದೇ 1971ರ ಗಣತಿಯಲ್ಲಿ 1,000 ಗಂಡಸರಿಗೆ ಹೆಂಗಸರು 930ಕ್ಕೆ ಇಳಿದದ್ದೂ ಕಂಡಿತು. 1901ರಲ್ಲಿ 972 ಇತ್ತು. ದೇಶದ ಹೆಂಗಸರ ಸ್ಥಿತಿಗತಿ ನೋಡಲು ನೇಮಿಸಿದ ಸಮಿತಿ ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು 1974ರಲ್ಲಿ ವರದಿ ಕೊಟ್ಟಿತು. ಫುಲ್ರೇಣು ಗುಹಾ ಅದರ ಅಧ್ಯಕ್ಷೆ, ವೀಣಾ ಮಜುಂದಾರ್ ಕಾರ್ಯದರ್ಶಿ. ಸ್ವಾತಂತ್ರ್ಯ ಬಂದು ಕಾಲು ಶತಮಾನವಾದರೂ ಹೆಣ್ಣಿನ ಸ್ಥಿತಿ ಹಿಂದಕ್ಕೆ ಹೋಗುತ್ತಿದೆ ಎಂದು ಸರ್ಕಾರದ ಪುಸ್ತಕದಿಂದಲೇ ಸರ್ಕಾರಕ್ಕೆ ತೋರಿಸಿದ ವರದಿ ಅದು. ಆಮೇಲಿನ ಮಹಿಳಾ ಚಳವಳಿಗೆ ಬಲ ಕೊಟ್ಟದ್ದರಲ್ಲಿ ಅದೂ ಒಂದು.

ಮುಂದೆ ನಮ್ಮ ಮೈಸೂರು ಸೀಮೆಯವರೇ ಆದ ದೇವಕಿ ಜೈನ್ ಮತ್ತು ಅವರ ಜೊತೆಯವರು ಹಳ್ಳಿಯ ಹೆಂಗಸರು ಬೆಳಗಿನಿಂದ ರಾತ್ರಿಯವರೆಗೆ ಯಾವ ಹೊತ್ತಿನಲ್ಲಿ ಯಾವ ಕೆಲಸ ಮಾಡುತ್ತಾರೆ ಎಂದು ಕೂತು ಲೆಕ್ಕ ಹಾಕಿ, ಗಣತಿ ಕಾಣದ ದುಡಿಮೆ ಎಷ್ಟಿದೆ ಎಂದು ತೋರಿಸಿದರು. ಮಹಿಳಾ ಸಂಘಟನೆಗಳು ಒತ್ತಾಯ ಹಾಕಿದವು. 1991ರ ಗಣತಿಯಲ್ಲಿ ಕೆಲಸದ ಪ್ರಶ್ನೆಯ ಜೊತೆಗೇ, ಸ್ವಂತ ಹೊಲದಲ್ಲಿ ಅಥವಾ ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ಮಾಡಿದ ದುಡಿಮೆಯೂ ಸೇರುತ್ತದೆ ಎಂದು ಅಚ್ಚಾಯಿತು. 2001ರಿಂದ ಮನೆಬಳಕೆಗೇ ಎಮ್ಮೆ ಸಾಕಿ ಹಾಲು ಕರೆದರೂ ಅದು ಕೆಲಸ ಎಂದಾಯಿತು. ದುಡಿಯುವ ಹೆಂಗಸರು 1981ರಲ್ಲಿ 100ಕ್ಕೆ 20ರ ಹತ್ತಿರ ಇದ್ದವರು 1991ರಲ್ಲಿ 22, 2001ರಲ್ಲಿ 25ಕ್ಕೂ ಮೇಲೆ ಬಂದರು. ಎಲ್ಲವೂ ಆ ಒಂದು ಸಾಲಿನಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಪ್ರಶ್ನೆ ಬದಲಾದರೆ ಉತ್ತರ ಬದಲಾಗುತ್ತದೆ, ಪ್ರಶ್ನೆಯನ್ನು ನಾವು ಬದಲಾಯಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಅಡುಗೆ, ನೀರು, ಮಕ್ಕಳು ಮುದುಕರ ಆರೈಕೆ ಗಣತಿಗೆ ಕೆಲಸವೇ ಅಲ್ಲ. ಆ ಜಗಳ ಬಾಕಿ ಇದೆ.

ಈಗ ವರದಕ್ಷಿಣೆ. ಗಣತಿಯಲ್ಲಿ ವರದಕ್ಷಿಣೆಯ ಪ್ರಶ್ನೆಯೇ ಇಲ್ಲ. ಆದರೂ ಅದರ ವಯಸ್ಸಿನ ಪಟ್ಟಿ ವರದಕ್ಷಿಣೆಯ ಬಗ್ಗೆ ಒಂದು ದೊಡ್ಡ ಸಂಗತಿ ಹೇಳುತ್ತದೆ. ನಮ್ಮಜ್ಜಿಯನ್ನು ತಾತ ತೆರ ಕೊಟ್ಟು ಮದುವೆಯಾದವರು. ಅದೇ ಮನೆಯಲ್ಲಿ ಹುಟ್ಟಿದ ಮಗಳಿಗೆ ದಕ್ಷಿಣೆ ಕೊಟ್ಟು ಕಳಿಸಬೇಕಾಯಿತು. ಒಂದೇ ತಲೆಮಾರಿನಲ್ಲಿ ಹಣ ಹರಿಯುವ ದಿಕ್ಕು ತಿರುಗಿತು. ನಿಮ್ಮಲ್ಲಿ ವಯಸ್ಸಾದವರು ಅನೇಕರಿಗೆ ಇದು ಗೊತ್ತಿರುತ್ತದೆ. ಇದೇಕೆ ಹೀಗಾಯಿತು ಎಂದು ನಮ್ಮ ರಾಜ್ಯದ ಹಳ್ಳಿಗಳಲ್ಲೇ ಕೆಲಸ ಮಾಡಿ 1983ರಲ್ಲಿ ಬರೆದವರು ಪಿ.ಎಚ್. ರೆಡ್ಡಿ ಮತ್ತು ಆಸ್ಟ್ರೇಲಿಯಾದ ಕಾಲ್ಡ್‌ವೆಲ್ ದಂಪತಿ. 1999ರಲ್ಲಿ ಪಿ.ಎನ್. ಮಾರಿ ಭಟ್ ಮತ್ತು ಶಿವ ಹಳ್ಳಿ ಗಣತಿಯ ಅಂಕಿಗಳನ್ನು ಹಿಡಿದು ಅದನ್ನು ಇನ್ನೂ ಮುಂದಕ್ಕೆ ಒಯ್ದರು.

ಅವರ ವಾದವನ್ನು ಹೀಗೆ ತಿಳಿಯಬಹುದು. ಲೆಕ್ಕಕ್ಕೆಂದು ಒಂದು ಸೀಮೆಯನ್ನು ಅಂದುಕೊಳ್ಳಿ. ಅಲ್ಲಿ ವರ್ಷದಿಂದ ವರ್ಷಕ್ಕೆ ಹುಟ್ಟಿ ಬದುಕುವ ಮಕ್ಕಳು 100ಕ್ಕೆ 2ರಂತೆ ಹೆಚ್ಚುತ್ತಿದ್ದಾರೆ. ಹುಡುಗ ಹುಡುಗಿಗಿಂತ 7 ವರ್ಷ ದೊಡ್ಡವನಿರಬೇಕು. ಈ ವರ್ಷ 18 ತುಂಬಿದ ಹುಡುಗಿಯರು 100 ಜನ ಇದ್ದರೆ, ಅವರಿಗೆ ಗಂಡಾಗಬೇಕಾದ 25ರ ಹುಡುಗರು 7 ವರ್ಷ ಮುಂಚೆ, ಹುಟ್ಟು ಕಡಿಮೆ ಇದ್ದಾಗ ಹುಟ್ಟಿದವರು. ಅವರು ಸುಮಾರು 87 ಜನ ಮಾತ್ರ. 100 ಹುಡುಗಿಯರಿಗೆ 87 ಗಂಡು! ಹೆಣ್ಣು ಹೆತ್ತವರು ಪೈಪೋಟಿಗೆ ಬಿದ್ದರು, ಗಂಡಿನ ಬೆಲೆ ಏರಿತು. ಸಿಡುಬು ಪ್ಲೇಗುಗಳು ಕಡಿಮೆಯಾಗಿ ಮಕ್ಕಳು ಉಳಿಯತೊಡಗಿದ ಕಾಲದಲ್ಲಿ, ಆ ಒಳ್ಳೆಯ ಸುದ್ದಿಯೇ ಹೆಣ್ಣುಮಕ್ಕಳ ತಂದೆತಾಯಿಗೆ ಹೀಗೆ ಮುಳುವಾಯಿತು ಎನ್ನುತ್ತಾರೆ ಇವರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನಗೆ ಅನ್ನಿಸುವುದು, ಇದರಲ್ಲಿ ಅರ್ಧ ಸತ್ಯವಿದೆ.

ಅರ್ಧ ಯಾಕೆ? ಈಗ ಲೆಕ್ಕ ತಿರುಗಿದೆ, ನೋಡಿ. ನಮ್ಮ ರಾಜ್ಯದಲ್ಲಿ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7 ಎಂದು ಬಂತು. ಹುಟ್ಟು ಕಡಿಮೆಯಾಗುತ್ತಾ ಹೋದರೆ ಚಿಕ್ಕ ವಯಸ್ಸಿನ ಹುಡುಗಿಯರಿಗಿಂತ ದೊಡ್ಡ ವಯಸ್ಸಿನ ಹುಡುಗರೇ ಹೆಚ್ಚಾಗುತ್ತಾರೆ. ಅದರ ಮೇಲೆ ಹೊಟ್ಟೆಯಲ್ಲಿರುವಾಗಲೇ ಹೆಣ್ಣನ್ನು ಕೊಂದದ್ದು ಬೇರೆ. 2023ರಲ್ಲಿ ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ಯಂತ್ರವಿಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದದ್ದು ನಿಮಗೆ ನೆನಪಿರಬೇಕು. ಅದೇ ವರ್ಷ ಅದೇ ಕಡೆಯ ಯುವಕರು ಹೆಣ್ಣು ಸಿಗುತ್ತಿಲ್ಲವೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹೆಣ್ಣು ವಿರಳವಾದರೆ ಹಣ ಮತ್ತೆ ತೆರದ ಕಡೆಗೆ ತಿರುಗಬೇಕಿತ್ತು. ತಿರುಗಿತೇ? ದೇಶದಲ್ಲಿ 2022ರ ಒಂದೇ ವರ್ಷ ಪೊಲೀಸರ ಲೆಕ್ಕಕ್ಕೆ ಬಂದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಹೆಚ್ಚು. ವರದಕ್ಷಿಣೆ ಹೇಗೆ ಹಬ್ಬಿತು ಎಂಬುದನ್ನು ಸಂಖ್ಯೆ ಸ್ವಲ್ಪ ಹೇಳೀತು. ಅದು ಯಾಕೆ ಹೋಗುತ್ತಿಲ್ಲ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ. ಕೊಡುವವರೂ ತೆಗೆದುಕೊಳ್ಳುವವರೂ ಅದನ್ನು ಮರ್ಯಾದೆ ಎಂದುಕೊಂಡಿದ್ದಾರೆ. ಹೆಣ್ಣಿಗೆ ಹೊಲದಲ್ಲಿ ಪಾಲು ಕೊಡುವುದಕ್ಕಿಂತ ಚಿನ್ನ ಕೊಟ್ಟು ಕಳಿಸುವುದು ಸುಲಭ ಎಂದುಕೊಂಡಿದ್ದಾರೆ. ಹೆಣ್ಣು ಕಡಿಮೆಯಾದರೆ ಹೆಣ್ಣಿನ ಬೆಲೆ ತಾನೇ ಏರುತ್ತದೆ ಎಂದು ಕಾಯುತ್ತಾ ಕೂತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಆಗುವುದಿಲ್ಲ.

ಅಂಕಿಗಳನ್ನು ಓದುವಾಗ ಎಚ್ಚರವೂ ಬೇಕು. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಇಷ್ಟನ್ನೇ ನೋಡಿ ಉಡುಪಿಯಲ್ಲಿ ಹೆಣ್ಣಿಗೆ ಸ್ವರ್ಗ, ಬೆಂಗಳೂರಿನಲ್ಲಿ ನರಕ ಎನ್ನುವಂತಿಲ್ಲ. ಉಡುಪಿಯ ಗಂಡಸರು ಮುಂಬೈಗೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿದ್ದಾರೆ. ಬೆಂಗಳೂರಿಗೆ ಎಲ್ಲ ಕಡೆಯ ಗಂಡಸರು ದುಡಿಯಲು ಬಂದಿದ್ದಾರೆ. ಅದಕ್ಕೇ ತಿಳಿದವರು 6 ವರ್ಷದೊಳಗಿನ ಮಕ್ಕಳ ಲೆಕ್ಕ ನೋಡಿ ಎನ್ನುತ್ತಾರೆ. ಕೂಸುಗಳು ಕೆಲಸ ಹುಡುಕಿ ವಲಸೆ ಹೋಗುವುದಿಲ್ಲವಲ್ಲ. 2011ರಲ್ಲಿ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲಿ 948, ದೇಶದಲ್ಲಿ 919. ದೇಶದ ಅಂಕಿ 1991ರಲ್ಲಿ 945, 2001ರಲ್ಲಿ 927 ಇತ್ತು. ಇಪ್ಪತ್ತು ವರ್ಷದಲ್ಲಿ ಇಳಿದ ಆ 26 ಹೆಣ್ಣುಮಕ್ಕಳು ಎಲ್ಲಿ ಹೋದರು ಎಂದು ಯಾರನ್ನು ಕೇಳೋಣ?

ಗಣತಿಗೆ ಕಾಣದ್ದೂ ಬಹಳ ಇದೆ. ಒಲೆಯ ಸುತ್ತ ಎಷ್ಟು ಜನ ಎಂದು ಅದು ಎಣಿಸುತ್ತದೆ. ಒಲೆಯ ಮುಂದೆ ಯಾರು ಕೊನೆಗೆ ಉಣ್ಣುತ್ತಾರೆ, ಯಾರ ಮೇಲೆ ಕೈ ಏಳುತ್ತದೆ ಎಂದು ಕೇಳುವುದಿಲ್ಲ. ಅದನ್ನು ಕೇಳುವುದು ಆಗಲೇ ಹೇಳಿದ ಆರೋಗ್ಯ ಸಮೀಕ್ಷೆ. ಅದರ 2019–21ರ ಸುತ್ತಿನಲ್ಲಿ, 18ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ದೇಶದಲ್ಲಿ 100ಕ್ಕೆ 29, ನಮ್ಮ ಕರ್ನಾಟಕದಲ್ಲಿ 44. ಈ ಸಭೆಯಲ್ಲಿ 100 ಜನ ಇದ್ದರೆ 44 ಜನ. ಯಾರೂ ಕೈ ಎತ್ತಬೇಕಿಲ್ಲ. ಗಣತಿಯ ಪಟ್ಟಿಯಲ್ಲಿ ಆ 44 ಮನೆಗಳೂ ಯಜಮಾನ, ಹೆಂಡತಿ, ಮಕ್ಕಳು ಎಂದು ಬಹಳ ಅಚ್ಚುಕಟ್ಟಾಗಿ ಕಾಣುತ್ತವೆ.

ಈಗ ಮಾಡಬೇಕಾದ್ದೇನು? 2021ರಲ್ಲಿ ಆಗಬೇಕಿದ್ದ ಗಣತಿ ಕೊರೋನಾದಿಂದ ನಿಂತಿತು. ಅದಕ್ಕೆ 2027ರ ಮಾರ್ಚ್ 1ನ್ನು ಗೊತ್ತುಮಾಡಿ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಮೊದಲು ಮನೆಗಳ ಪಟ್ಟಿ, ಆಮೇಲೆ ಜನರ ಎಣಿಕೆ. ಗಣತಿಯವರು ಬಂದಾಗ ಬಾಗಿಲಿಗೆ ನೀವು ಹೋಗಿ. ನಿಮ್ಮ ವಿಷಯ ನೀವೇ ಹೇಳಿ. ಕೆಲಸ ಏನು ಎಂದರೆ 'ಏನೂ ಇಲ್ಲ' ಎನ್ನಬೇಡಿ. ಎಮ್ಮೆ ಇದೆ, ಹೊಲಕ್ಕೆ ಹೋಗುತ್ತೇನೆ, ಸಂಘದ ಸಾಲದಲ್ಲಿ ಹಪ್ಪಳ ಮಾಡುತ್ತೇನೆ ಎನ್ನಿ. ಮನೆ ನಡೆಸುವವರು ನೀವಾದರೆ ಯಜಮಾನಿ ಎಂದೇ ಬರೆಸಿ. ಗಂಡನಿಂದ ಬೇರೆಯಾಗಿ ಬಾಳುತ್ತಿದ್ದರೆ ಹಾಗೆಂದೇ ಹೇಳಿ. ನಿಮ್ಮ ಪಕ್ಕದ ಮನೆಯಲ್ಲಿ ಹಾಗೆ ಬಂದು ಕೂತ ಮಗಳಿದ್ದರೆ ಅವಳ ತಂದೆತಾಯಿಗೆ ಧೈರ್ಯ ಹೇಳಿ.

ಹೆದರಿಕೆಯೂ ಬೇಡ. 1948ರ ಜನಗಣತಿ ಕಾಯಿದೆಯ ಪ್ರಕಾರ ನೀವು ಕೊಟ್ಟ ವಿವರ ಗುಟ್ಟಾಗಿರಬೇಕು, ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ತರುವಂತಿಲ್ಲ. ಅದೇ ಕಾಯಿದೆಯಲ್ಲಿ ಇನ್ನೊಂದು ಸಾಲಿದೆ. ಮನೆಯ ಹೆಂಗಸರ ಹೆಸರು ಹೇಳಲೇಬೇಕೆಂದು ಯಾರಿಗೂ ಬಲವಂತವಿಲ್ಲ, ಹೆಂಗಸು ತನ್ನ ಗಂಡನ ಹೆಸರು ಹೇಳಬೇಕೆಂದೂ ಇಲ್ಲ ಎಂದು. ಸಂಪ್ರದಾಯಕ್ಕೆ ತೋರಿಸಿದ ಮರ್ಯಾದೆ ಅದು. ಆದರೆ ನಿಮ್ಮ ಹೆಸರನ್ನು ಮರೆಸುವ ಮರ್ಯಾದೆ ನಿಮಗೆ ಬೇಡ. ಹೆಸರನ್ನು ಬಾಯಿ ತುಂಬ ಹೇಳಿ.

ಇನ್ನೊಂದು ಕೆಲಸ ಸಂಘದ ಕೈಲಿದೆ. ಗಣತಿಯ ಪುಸ್ತಕದಲ್ಲಿ ಪ್ರತಿ ಹಳ್ಳಿಯ ಮನೆಗಳೆಷ್ಟು, 6 ವರ್ಷದೊಳಗಿನ ಗಂಡು ಹೆಣ್ಣುಮಕ್ಕಳೆಷ್ಟು, ಓದು ಬಲ್ಲವರೆಷ್ಟು, ದುಡಿಯುವವರೆಷ್ಟು ಎಂದು ಅಚ್ಚಾಗಿರುತ್ತದೆ. ನಿಮ್ಮೂರಿನ ಸಾಲನ್ನು ಓದು ಬಲ್ಲ ಮಗಳಿಂದ ತೆಗೆಸಿ. ಹೆಣ್ಣುಮಕ್ಕಳ ಸಂಖ್ಯೆಯನ್ನು ಗಂಡುಮಕ್ಕಳ ಸಂಖ್ಯೆಯಿಂದ ಭಾಗಿಸಿ 1,000ದಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು. ಈಗಿನ ಸ್ಥಿತಿಗೆ ಅಂಗನವಾಡಿಯ ಪುಸ್ತಕದ ಜೊತೆ ಹೋಲಿಸಿ. ಒಂದು ಸಣ್ಣ ಹಳ್ಳಿಯಲ್ಲಿ ನಾಲ್ಕಾರು ಮಕ್ಕಳ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಹಾಗಾಗಿ ಒಕ್ಕೂಟದ ಹಳ್ಳಿಗಳನ್ನೆಲ್ಲ ಕೂಡಿಸಿ ನೋಡಿ. ನಿಮ್ಮ ಬೀದಿಯಲ್ಲಿ ಒಂಟಿ ಒಲೆಯ ಹೆಂಗಸರೆಷ್ಟು, ಕಾಗದವಿಲ್ಲದೆ ಬೇರೆಯಾದವರೆಷ್ಟು ಎಂದು ನೀವೇ ಎಣಿಸಿ. ಹೆಸರು ಬರೆಯಬೇಡಿ, ಸಂಖ್ಯೆ ಬರೆಯಿರಿ. ಗ್ರಾಮಸಭೆಗೆ ಆ ಹಾಳೆ ಹಿಡಿದು ಹೋಗಿ. ಅಳುತ್ತಾ ಹೋದವಳನ್ನು ಸಮಾಧಾನ ಮಾಡಿ ಕಳಿಸುತ್ತಾರೆ, ಲೆಕ್ಕ ಹಿಡಿದು ಹೋದವಳಿಗೆ ಉತ್ತರ ಕೊಡಬೇಕಾಗುತ್ತದೆ. ಎಣಿಸುವಾಗ ಯಾರಾದರೂ ಕಷ್ಟ ಹೇಳಿಕೊಂಡರೆ 181ಕ್ಕೆ ಫೋನು ಮಾಡಬಹುದು ಎಂದು ಹೇಳಿ, ಜೊತೆಗೆ ನಿಲ್ಲಿ.

ನಮ್ಮತ್ತೆಯ ಮಾತು ಮುಗಿಸಿಬಿಡುತ್ತೇನೆ. ತಾತ ಹೋದ ಮೇಲೆ ಮನೆಯಲ್ಲಿ ಒಲೆಗಳು ಬೇರೆಯಾದವು. ಹಿತ್ತಲ ಕೋಣೆಯಲ್ಲಿ ಅತ್ತೆ ತನ್ನದೇ ಒಲೆ ಹೂಡಿದಳು. ನಿಯಮದ ಪ್ರಕಾರ ಅವಳೂ ಒಂದು ಕುಟುಂಬ, ಅದರ ಯಜಮಾನಿ. 1991ರಲ್ಲಿ ಗಣತಿಯವರು ಬಂದಾಗ ನನ್ನ ಅಪ್ಪ, "ನಮ್ಮ ತಂಗಿ, ನಮ್ಮ ಜೊತೆಗೇ ಇದಾಳೆ" ಎಂದು ತನ್ನ ಒಲೆಗೇ ಸೇರಿಸಿ ಬರೆಸಿದರು. ಪ್ರೀತಿಯಿಂದಲೇ ಬರೆಸಿದರು. ನಾನು ಆಗ ಪಾಠ ಮಾಡುತ್ತಿದ್ದೆ, ಕುಟುಂಬ ಎಂದರೆ ಒಂದು ಒಲೆ ಎಂದು ಹುಡುಗಿಯರಿಗೆ ಬರೆಸುತ್ತಿದ್ದೆ. ಆ ದಿನ ಮನೆಯಲ್ಲಿದ್ದೂ ಅಪ್ಪನಿಗೆ ಎದುರು ಹೇಳಲಿಲ್ಲ. ಅತ್ತೆ 2006ರಲ್ಲಿ ತೀರಿಕೊಂಡಳು. ಕೌಟುಂಬಿಕ ಹಿಂಸೆಯ ಕಾಯಿದೆ ಜಾರಿಗೆ ಬಂದ ವರ್ಷ ಅದು. ಬೇರೆಯಾಗಿ ಬಾಳುವವರಿಗೆ ಗಣತಿಯಲ್ಲಿ ಪ್ರತ್ಯೇಕ ಸಾಲು ಬಂದದ್ದು ಅದಕ್ಕೂ ಐದು ವರ್ಷ ಆಮೇಲೆ.

ಅವಳು ಎಣಿಕೆಗೆ ಸಿಗಲಿಲ್ಲ. ನೀವು ಸಿಗಬೇಕು. ಗಣತಿಯವರು ಬಾಗಿಲು ತಟ್ಟಿದಾಗ ಒಳಗಿನಿಂದ ಎದ್ದು ಬನ್ನಿ, ಜಗಲಿಯ ಮೇಲೆ ಕೂತುಕೊಳ್ಳಿ, ಬರೆಸಿ. ಕಾಫಿ ಆಮೇಲೆ ಮಾಡಿದರಾಯಿತು.